ಎಂಜಿನ್ನು ತಣ್ಣಗಾಗುವವರೆಗೆ

ತಿಪಟೂರು ಸೀಮೆಯಲ್ಲಿ ಕೊಬ್ಬರಿ ಮಾರಿ ಬದುಕಿದವರುಂಟು, ಅಂಗಡಿ ಇಟ್ಟು ಬದುಕಿದವರುಂಟು, ಬರೀ ಮಾತಿನಲ್ಲೇ ಬದುಕಿದವರೂ ಉಂಟು. ಸುಮ್ಮನೆ ಕೂತು ಬದುಕಿದವರು ಮಾತ್ರ, ನಾನು ಕಂಡಂತೆ, ನಮ್ಮ ಭಾವ ಒಬ್ಬರೇ!

ಸೋಮಾರಿ ಎಂದು ತಿಳಿಯಬೇಡಿ. ಕೂರುವುದೇ ಅವರ ಕಸುಬು. ಅವರು ಹಳೇ ಮಿಷನ್ನುಗಳನ್ನು ಕೊಂಡು ಮಾರುವ ವ್ಯಾಪಾರಿ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಊರೂರಿಗೂ ಕರೆಂಟಿನ ಕಂಬ ಬಂದಿತ್ತು. ತಂತಿಯಲ್ಲಿ ಕರೆಂಟು ಬರುವುದು ಮಾತ್ರ ಅದರ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಆದ್ದರಿಂದ ಹಿಟ್ಟಿನ ಗಿರಣಿ, ಎಣ್ಣೆ ಮಿಲ್ಲು, ತೆಂಗಿನ ನಾರಿನ ಕಾರ್ಖಾನೆ, ತೋಟದ ಬಾವಿ ಎಲ್ಲಕ್ಕೂ ಡೀಸೆಲ್ ಎಂಜಿನ್ನೇ ಗತಿ. ಹೊಸದನ್ನು ಕೊಳ್ಳುವ ಶಕ್ತಿ ಎಷ್ಟು ಜನಕ್ಕಿತ್ತು? ಒಂದೂರಲ್ಲಿ ಮುಚ್ಚಿದ ಗಿರಣಿಯ ಎಂಜಿನ್ನು ಇನ್ನೊಂದೂರಲ್ಲಿ ತೆರೆಯುವ ಗಿರಣಿಗೆ ಹೋಗಬೇಕು. ಹಾಗೆ ಹೋಗುವ ದಾರಿಯಲ್ಲಿ ಅದು ನಾಲ್ಕು ದಿನ ತಂಗುವ ಛತ್ರವೇ ಬಿಳಿಗೆರೆಯಲ್ಲಿದ್ದ ಭಾವನ ಶೆಡ್ಡು.

ನಾನೋ, ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರು, ಐದೂವರೆಗೆ ಹಣೆ ತುಂಬ ವಿಭೂತಿ ಬಳಿದುಕೊಂಡು ಪ್ರಾರ್ಥನೆ. ಚಿಕ್ಕನಾಯಕನಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರಾದ ಮೇಲೂ ಆ ಗಂಟೆ ನನ್ನ ತಲೆಯೊಳಗೆ ಹೊಡೆಯುತ್ತಲೇ ಇತ್ತು. ನಾನು ಹೊರಡುವ ಬಸ್ಸಿನ ಹೊತ್ತನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವವನು. ಅಂಥವನಿಗೆ ದೇವರು ಇಂಥ ಭಾವನನ್ನು ಕೊಟ್ಟ!

ಭಾನುವಾರ ಅಕ್ಕನ ಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಮನೆಯ ಪಕ್ಕದ ಒಂದು ಖಾಲಿ ಕಟ್ಟಡ. ನಾಲ್ಕು ಗೋಡೆ, ಮೇಲೆ ಮಂಗಳೂರು ಹೆಂಚು, ಒಳಗೆ ನಡುಮಧ್ಯದಲ್ಲಿ ಸಿಮೆಂಟಿನ ಕಟ್ಟೆ. ಕಟ್ಟೆಯ ನಾಲ್ಕು ಮೂಲೆಯಿಂದ ನಾಲ್ಕು ಬೋಲ್ಟು ಆಕಾಶ ನೋಡುತ್ತಾ ನಿಂತಿದ್ದವು. ಗೋಡೆಗೆ ಒರಗಿಸಿದ ಬೀಸುವ ಕಲ್ಲಿನ ಜೋಡಿ ಗೋಣಿಚೀಲ ಹೊದ್ದು ಮಲಗಿತ್ತು. ಇದು ಅಕ್ಕನ ಹಿಟ್ಟಿನ ಗಿರಣಿ. ಎಂಜಿನ್ನೊಂದು ಬಂದು ಕೂತರೆ ಆಯಿತು, ಗಿರಣಿ ಶುರು! ಹೀಗೆಂದು ಭಾವ ಮದುವೆಯಾದ ವರ್ಷ ಮಾತು ಕೊಟ್ಟಿದ್ದರು. ಹನ್ನೊಂದು ವರ್ಷವಾಗಿತ್ತು.

"ಏನ್ರೀ, ಈ ಬೋಲ್ಟುಗಳ್ಗೆ ಇನ್ನೆಷ್ಟು ವರ್ಷ ನಾನು ಒದ್ದೆ ಟವಲ್ ನೇತಾಕ್ಲಿ?" ಎಂದು ಅಕ್ಕ ಕೇಳುವಳು.

"ಮುಂದಿನ್ ಸಲ ಬರೋ ಎಂಜಿನ್ ನಿಂದೇ ಕಣೇ," ಎಂದು ಭಾವ ಹೇಳುವರು.

ಮುಂದಿನ ಎಂಜಿನ್ನು ಬರುತ್ತಿತ್ತು. ಅದರ ಹಿಂದೆಯೇ ಯಾರೋ ಬರುತ್ತಿದ್ದರು. ಬಾವಿಯ ಎಂಜಿನ್ನು ಕೆಟ್ಟು ಸಸಿ ಬಾಡುತ್ತಿವೆ ಎನ್ನುವವನು ಒಬ್ಬ. ಊರಿಗೆ ಒಂದೇ ಗಿರಣಿ, ಅದೂ ನಿಂತಿದೆ ಎನ್ನುವವನು ಇನ್ನೊಬ್ಬ. ಭಾವ ಅಕ್ಕನ ಮುಖ ನೋಡುವರು. ಅಕ್ಕ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಇಡುವಳು. ಎಂಜಿನ್ನು ಗಾಡಿ ಹತ್ತುವುದು. ಒಮ್ಮೆ ನಾನು ಒಬ್ಬನೇ ಇದ್ದಾಗ ಅಕ್ಕ ಹೇಳಿದಳು: "ಈ ಮನೆಗೆ ಬಂದಿದ್ದೆಲ್ಲಾ ಹೊರಟೇ ಹೋಗ್ತದೆ ಕಣೋ. ಒಂದಾದ್ರೂ ನಿಲ್ಬೇಕು ಅಂತ ನನ್ಗೆ." ಗಿರಣಿಯಿಂದ ಬರುವ ಆದಾಯದ ಮಾತನ್ನು ಅವಳು ಎತ್ತಲೇ ಇಲ್ಲ. ನಿಲ್ಲಬೇಕು, ಅಷ್ಟೇ.

ಈಗ ಭಾವ ಕೂರುವ ವಿಚಾರ.

ಹಳೇ ಎಂಜಿನ್ನಿನ ವ್ಯಾಪಾರದಲ್ಲಿ ಒಂದು ದೊಡ್ಡ ಗುಟ್ಟಿದೆ. ಒಳಗೆಲ್ಲ ಸವೆದ ಎಂಜಿನ್ನು ತಣ್ಣಗಿದ್ದಾಗ ಸುಲಭಕ್ಕೆ ಶುರುವಾಗುವುದಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದವನ ರಟ್ಟೆ ಬೀಳುತ್ತದೆ. ಅದೇ ಎಂಜಿನ್ನು ಒಮ್ಮೆ ಬಿಸಿಯಾಗಿದ್ದರೆ ಒಂದೇ ಸುತ್ತಿಗೆ ಡಬಡಬ ಎನ್ನುತ್ತದೆ. ಆದ್ದರಿಂದ ಮಾರುವವರು ಏನು ಮಾಡುತ್ತಾರೆ? ಗಿರಾಕಿ ಬರುವ ಮೊದಲೇ ಹೇಗೋ ಹೆಣಗಿ ಓಡಿಸಿ, ಬಿಸಿ ಮಾಡಿ, ನಿಲ್ಲಿಸಿಟ್ಟಿರುತ್ತಾರೆ! ಗಿರಾಕಿ ಬಂದು ಹ್ಯಾಂಡಲ್ ಮುಟ್ಟಿದರೆ ಸಾಕು, ಹೊಸ ಎಂಜಿನ್ನಿನ ಹಾಗೆ ಎದ್ದು ಕೂರುತ್ತದೆ.

ಇದಕ್ಕೆ ಭಾವನ ಮದ್ದು ಒಂದೇ. ಹೋದ ತಕ್ಷಣ ಎಂಜಿನ್ನಿನ ಮೈಮೇಲೆ ಅಂಗೈ ಇಡುವರು. ತಣ್ಣಗಿದ್ದರೆ ಮಾತು. ಬೆಚ್ಚಗಿದ್ದರೆ ಪಕ್ಕದಲ್ಲಿ ಒಂದು ಗೋಣಿಚೀಲ ಹಾಸಿಕೊಂಡು ಕೂರುವರು. ಎಲ್ಲಿಯವರೆಗೆ? ತಣ್ಣಗಾಗುವವರೆಗೆ!

"ಬಾ ಮೇಷ್ಟ್ರೇ, ಅರ್ಧ ಗಂಟೆ ಕೆಲ್ಸ," ಎಂದು ಒಂದು ಭಾನುವಾರ ನನ್ನನ್ನು ಮಾಯಸಂದ್ರದ ಕಡೆಯ ಎಣ್ಣೆ ಮಿಲ್ಲಿಗೆ ಕರೆದೊಯ್ದರು. ಹತ್ತು ಗಂಟೆಗೆ ಅಂಗೈ ಇಟ್ಟರು, ಬೆಚ್ಚಗಿತ್ತು, ಕೂತರು. ಅಷ್ಟು ದಪ್ಪ ಕಬ್ಬಿಣ ತಣ್ಣಗಾಗುವುದೆಂದರೆ ಏನು ಕಾಫಿ ಲೋಟವೇ? ಮಿಲ್ಲಿನ ಯಜಮಾನರು ಮರ್ಯಾದಸ್ಥರು. ಮೊದಲು ಎಳನೀರು ಕೊಟ್ಟರು, ಆಮೇಲೆ ಕಾಫಿ ಕೊಟ್ಟರು, ಹನ್ನೆರಡೂವರೆಗೆ ವಿಧಿಯಿಲ್ಲದೆ ಮುದ್ದೆ ಊಟ ಹಾಕಿದರು. ಭಾವ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡು ಮತ್ತೆ ಬಂದು ಕೂತರು. ನಾನು ಗಡಿಯಾರ ನೋಡಿ ನೋಡಿ ಸೋತೆ.

"ಇನ್ನೂ ಏನ್ ಕಾಯ್ತಿದೀರಿ ಸ್ವಾಮಿ?" ಎಂದರು ಯಜಮಾನರು.

"ಮನುಷ್ಯನ್ನ ನೋಡ್ಬೇಕಂದ್ರೆ ನಿದ್ದೆಯಿಂದ ಎದ್ದಾಗ ನೋಡ್ಬೇಕು ಕಣ್ರೀ. ನಿಮ್ ಎಂಜಿನ್ ಒಂದು ನಿದ್ದೆ ತೆಗೀಲಿ, ಬುಡಿ."

ಮೂರು ಗಂಟೆಗೆ ಯಜಮಾನರ ತಾಳ್ಮೆ ಮುಗಿಯಿತು. "ಎದ್ದೇಳಿ ಸ್ವಾಮಿ! ಬೆಳಿಗ್ಗೆ ನಾಕು ಜನ ಸೇರ್ಕಂಡು ತಿರುಗ್ಸಿದ್ವಿ. ಒಬ್ಬನ್ ಭುಜ ಉಳುಕ್ತು. ಸಾಕಾ?"

ಭಾವನ ಮುಖ ಅರಳಿತು. "ನಾಕೇ ಜನಾನಾ? ನಾನು ಆರು ಅನ್ಕಂಡಿದ್ದೆ!" ಎಂದು ಅಲ್ಲೇ ವ್ಯಾಪಾರ ಮುಗಿಸಿ, ಆ ಸವೆದ ಎಂಜಿನ್ನನ್ನೇ ಕೊಂಡರು. ಬಸ್ಸಿನಲ್ಲಿ ನಾನು ಸಿಡಿದೆ: "ಅದು ಕೆಟ್ಟದ್ದು ಅಂತ ಗೊತ್ತಾಗೋಕೆ ಐದು ಗಂಟೆ ಕೂತು, ಗೊತ್ತಾದ ಮೇಲೆ ಕೊಂಡಿರಲ್ಲ ಭಾವ!"

"ಕೆಟ್ಟದ್ದು ಅಂತ ಯಾರಂದ್ರು? ಸುಸ್ತಾಗಿದೆ ಅಷ್ಟೆ. ಎಷ್ಟು ಸುಸ್ತು ಅಂತ ಗೊತ್ತಾದ್ರೆ ಮದ್ದು ಮಾಡ್ಬೋದು. ಗೊತ್ತಾಗ್ದೆ ಇದ್ರೆ ಕೊಂಡೋನು ಹಾಳಾಗ್ತಾನೆ."

ಕೊಳ್ಳುವುದು ಹೀಗಾದರೆ ಮಾರುವುದು ಇನ್ನೂ ಚೆಂದ. ಉಳಿದ ವ್ಯಾಪಾರಿಗಳು ಹಳೇ ಎಂಜಿನ್ನಿಗೆ ಹಸಿರು ಬಣ್ಣ ಹೊಡೆದು, ಕುಂಕುಮ ಇಟ್ಟು ನಿಲ್ಲಿಸುತ್ತಿದ್ದರು. ಭಾವ ಇದ್ದ ಬಣ್ಣವನ್ನೂ ಉಜ್ಜಿ ತೆಗೆದು, ಸೀಮೆಸುಣ್ಣದಲ್ಲಿ ಅದರ ಮೈಮೇಲೆಯೇ ದೋಷಗಳನ್ನು ಬರೆಯುತ್ತಿದ್ದರು. ಬಾಣದ ಗುರುತು ಹಾಕಿ 'ಇಲ್ಲಿ ಎಣ್ಣೆ ಸೋರುತ್ತೆ' ಎಂದು ಒಂದು ಕಡೆ, 'ಬೆಸುಗೆ ಹಾಕಿದೆ, ನನಗೆ ನಂಬಿಕೆ ಇಲ್ಲ' ಎಂದು ಇನ್ನೊಂದು ಕಡೆ! ಆ ಸೀಮೆಸುಣ್ಣ ನಮ್ಮ ಶಾಲೆಯದಲ್ಲ ಎಂದು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಶೆಟ್ಟಿಕೆರೆಯಿಂದ ಬಂದ ರೈತನೊಬ್ಬ ಎಂಜಿನ್ನಿನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಅಷ್ಟನ್ನೂ ಅಕ್ಷರ ಕೂಡಿಸಿಕೊಂಡು ಓದಿದ. ಓದಿ ಮುಗಿಸಿ ಬೆವರು ಒರೆಸಿಕೊಂಡ.

"ಇದ್ರಲ್ಲಿ ಒಳ್ಳೇ ಗುಣ ಒಂದೂ ಇಲ್ವಾ ಸ್ವಾಮಿ?"

"ಅವೆ. ಅದನ್ನ ನಾನ್ಯಾಕೆ ಹೇಳ್ಲಿ? ತಿರುಗ್ಸು, ಅದೇ ಹೇಳ್ತದೆ."

ಅವನು ತಿರುಗಿಸಿದ. ಅದೂ ಹೇಳಿತು. ಆದರೂ ಅವನು ಹೋಗಿ ಪಕ್ಕದ ಅಂಗಡಿಯ ಹಸಿರು ಎಂಜಿನ್ನನ್ನೇ ಕೊಂಡ! ಆರು ತಿಂಗಳ ಮೇಲೆ ಅದನ್ನು ಗಾಡಿಯಲ್ಲಿ ಹೇರಿಕೊಂಡು ಭಾವನ ಶೆಡ್ಡಿಗೆ ಬಂದು, "ಇದಕ್ಕೂ ಒಸಿ ಬರೆದುಕೊಡಿ," ಎಂದ.

ಇಷ್ಟೆಲ್ಲ ತಿಳಿದ ಭಾವನೂ ಎಡವಿದ್ದುಂಟು. ತುರುವೇಕೆರೆ ಹತ್ತಿರ ತೋಟದ ಮಧ್ಯೆ ನಾರಿನ ಕಾರ್ಖಾನೆ ಹಾಕುತ್ತೇವೆಂದವರಿಗೆ ತೆಂಗಿನ ಮಟ್ಟೆ ಜಜ್ಜುವ ದೊಡ್ಡ ಮಿಷನ್ನೊಂದನ್ನು ಮಾರಿದ್ದರು. ಮಿಷನ್ನಿನ ಅಗಲ ಅಳೆದಿದ್ದರು, ಕಟ್ಟೆ ಅಳೆದಿದ್ದರು, ಬಾಗಿಲು ಅಳೆದಿದ್ದರು. ತೋಟದ ದಾರಿಯಲ್ಲಿ ಅಕ್ಕಪಕ್ಕ ನಿಂತ ಎರಡು ತೆಂಗಿನ ಮರಗಳ ನಡುವಿನ ಜಾಗ ಅಳೆಯಲಿಲ್ಲ. ಲಾರಿ ನಿಂತಿತು. ಮಿಷನ್ನಿನ ಚಕ್ರ ಬಿಚ್ಚಿದರೂ ಅದರ ಅಗಲ ಒಂದು ಗೇಣು ಹೆಚ್ಚು. ನಾನು ಮುಂದೆ ಬಂದು, ನನ್ನ ಶಿಸ್ತಿನ ಬುದ್ಧಿಗೆ ತೋಚಿದಂತೆ, "ಒಂದು ಮರ ಕಡಿದರೆ ಹತ್ತು ನಿಮಿಷದ ಕೆಲಸ," ಎಂದುಬಿಟ್ಟೆ.

ಎಲ್ಲರೂ ನನ್ನನ್ನು ಕೊಲೆಗಾರನನ್ನು ನೋಡುವಂತೆ ನೋಡಿದರು. ಕಾಯಿ ಬಿಡುವ ಮರ! ಮನೆಯ ಅಜ್ಜಿ ಕೋಲೂರಿಕೊಂಡು ಹತ್ತಿರ ಬಂದರು. "ಏನಪ್ಪ ಮೇಷ್ಟ್ರೇ, ನಿಮ್ ಸ್ಕೂಲ್ನಾಗೆ ಹೈಕ್ಳು ದಾರೀಗ್ ಅಡ್ಡ ನಿಂತ್ರೆ ಕಾಲು ಕಡೀತೀರಾ?"

ಮಿಷನ್ನನ್ನು ಅಲ್ಲೇ ಇಳಿಸಿದರು. ಅಲ್ಲೇ ಕಟ್ಟೆ ಕಟ್ಟಿ, ಅಲ್ಲೇ ಸೂರು ಹಾಕಿದರು. ತಪ್ಪು ತಮ್ಮದು ಎಂದು ಭಾವ ಕೂಲಿ ಕೇಳದೆ ಎಲ್ಲವನ್ನೂ ಮತ್ತೆ ಜೋಡಿಸಿಕೊಟ್ಟರು. ನಾಲ್ಕು ವರ್ಷದ ಮೇಲೆ ಹೋಗಿ ನೋಡುತ್ತೇನೆ, ಆ ಅಜ್ಜಿ ಕಾರ್ಖಾನೆಯ ಸುತ್ತಲೂ ಸಸಿ ನೆಡಿಸಿಬಿಟ್ಟಿದ್ದಾರೆ. ಕಾರ್ಖಾನೆ ತೋಟದೊಳಕ್ಕೆ ಹೋಗಲಿಲ್ಲ. ತೋಟವೇ ನಡೆದುಕೊಂಡು ಕಾರ್ಖಾನೆಗೆ ಬಂದಿತ್ತು!

ಇಂಥವರ ಕೈಯಲ್ಲಿ ಅಕ್ಕನ ಗಿರಣಿ ಆಗುವುದುಂಟೆ? ಆಗುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಭಾವ ಯಾವುದೋ ಮುಚ್ಚಿದ ಮಿಲ್ಲಿನ ಮಿಷನ್ನು ನೋಡಲು ದಾವಣಗೆರೆಗೆ ಹೋಗಿ ವಾರವಾದರೂ ಬಂದಿರಲಿಲ್ಲ. ಹೋಗುವ ಹಿಂದಿನ ದಿನವಷ್ಟೇ, ಅಕ್ಕನಿಗೆಂದು ತಂದಿಟ್ಟಿದ್ದ ಎಂಜಿನ್ನನ್ನು ಹುಳಿಯಾರಿನ ಕಡೆಯ ಕುರಿಹಟ್ಟಿಯ ಬಾವಿಗೆ ಕೊಟ್ಟು ಹೋಗಿದ್ದರು. ಅಕ್ಕ ಈ ಸಲ ಪಾತ್ರೆ ಕುಟ್ಟಲಿಲ್ಲ. ಬೋಲ್ಟುಗಳಿಗೆ ಮೆತ್ತಿದ್ದ ತುಕ್ಕನ್ನು ಹಳೇ ಬಟ್ಟೆಯಿಂದ ಉಜ್ಜುತ್ತಾ ಕೂತಿದ್ದಳು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ.

ಮಾರಾಟಕ್ಕಿದ್ದ ಗಿರಣಿಯೊಂದರ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರ ಅಲ್ಲಿಗೆ ಹೋದೆ. ಒಳ್ಳೆಯ ಎಂಜಿನ್ನು. ಹಸಿರು ಬಣ್ಣ. ನಾನೇನು ಕಮ್ಮಿಯೇ? ಇಷ್ಟು ವರ್ಷ ಭಾವನ ಹಿಂದೆ ತಿರುಗಿದವನು! ಅಂಗೈ ಇಟ್ಟು ನೋಡಿದೆ.

ಬೆಚ್ಚಗಿತ್ತು.

"ಈಗ್ತಾನೆ ರಾಗಿ ಬೀಸಿದ್ವಿ ಸಾರ್," ಎಂದ ಗಿರಣಿಯವನು. ಮೂಲೆಯಲ್ಲಿ ಗೋಣಿಚೀಲವೂ ಇತ್ತು. ಕೂರಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ಜೇಬಿನ ಚೀಟಿಯಲ್ಲಿ ನಾಲ್ಕು ಹತ್ತರ ಬಸ್ಸು ಎಂದು ಬರೆದಿತ್ತಲ್ಲ! ತಿರುಗಿಸಿದೆ. ಒಂದೇ ಸುತ್ತು, ಡಬಡಬ! ವ್ಯಾಪಾರ ಮುಗಿಸಿ ನಾಲ್ಕಕ್ಕೆ ಬಸ್ ನಿಲ್ದಾಣದಲ್ಲಿದ್ದೆ. ಕೆಲಸ ಎಂದರೆ ಹೀಗೆ ಎಂದು ನನ್ನನ್ನು ನಾನೇ ಹೊಗಳಿಕೊಂಡೆ.

ಎಂಜಿನ್ನು ಲಾರಿಯಿಂದ ಇಳಿದು ಕಟ್ಟೆಯ ಮೇಲೆ ಕೂತಾಗ ಅಕ್ಕ ಹತ್ತಿರ ಬಂದಳು. ಸೆರಗಿನಿಂದ ಅದರ ಮೈಮೇಲಿನ ದಾರಿಯ ಧೂಳನ್ನು ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು.

ಭಾವ ಬಂದಾಗ ನನಗೆ ಒಳಗೊಳಗೇ ಅಳುಕು. ಅವರು ಎಂಜಿನ್ನಿನ ಸುತ್ತ ಒಂದು ಸುತ್ತು ಬಂದರು. ಮುಟ್ಟಲಿಲ್ಲ. ಹ್ಯಾಂಡಲನ್ನೂ ತೆಗೆಯಲಿಲ್ಲ. ಅಕ್ಕನ ಮುಖವನ್ನು ಮಾತ್ರ ನೋಡಿದರು, ಸ್ವಲ್ಪ ಹೊತ್ತು.

"ಪರೀಕ್ಷೆ ಮಾಡೋದಿಲ್ವಾ ಭಾವ?"

"ಮೇಷ್ಟ್ರು ಪಾಸ್ ಮಾಡಿದ್ ಮೇಲೆ ನಂದೇನು ಕಣಪ್ಪ? ಎಲ್ಡು ದಿನ ಟೈಮ್ ಕೊಡು, ಕಲ್ಲು, ಬೆಲ್ಟಿನ ಪಟ್ಟಾ ಎಲ್ಲಾ ಕೂರಿಸ್ತೀನಿ. ಸೋಮವಾರ ಪೂಜೆ ಮಾಡಾನ."

ನಾನು ರಜೆ ಹಾಕಿ ಪೂಜೆಗೆ ಹೋದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ತಿರುಗಿಸುತ್ತೇನೆಂದು ಹಟ ಹಿಡಿದು ಹ್ಯಾಂಡಲ್ ಹಾಕಿದಳು. ಒಂದೇ ಸುತ್ತು! ಬಿಳಿಗೆರೆಯೆಲ್ಲ ಕೇಳುವಂತೆ ಡಬಡಬ ಶುರುವಾಯಿತು. ಅಂದಿನಿಂದ ಅಕ್ಕನ ಮನೆಯ ಮುಂದೆ ಬೆಳಿಗ್ಗೆ ಆರೂವರೆಗೇ ರಾಗಿ ಡಬ್ಬಗಳ ಸಾಲು.

ಇನ್ನೊಂದು ಪವಾಡವೂ ನಡೆಯಿತು. ಒಂಬತ್ತಕ್ಕೆ ಮುಂಚೆ ನೀರು ಮುಟ್ಟದ ಭಾವ ನಾಲ್ಕು ಗಂಟೆಗೇ ಎದ್ದು ಹಂಡೆಗೆ ಉರಿ ಹಾಕಲು ಶುರು ಮಾಡಿದರು! "ಐದ್ ಗಂಟೇಗೇ ಸ್ನಾನ ಆಗಿರ್ತದೆ ಕಣೋ ನಿಮ್ ಭಾವಂದು. ಹಂಡೆ ನೀರೆಲ್ಲಾ ಖಾಲಿ!" ಎಂದಳು ಅಕ್ಕ. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಹನ್ನೊಂದು ವರ್ಷದ ನನ್ನ ಸಹವಾಸ ಕೊನೆಗೂ ಫಲ ಕೊಟ್ಟಿತ್ತು. ಬೆಳಗಿನ ಜಾವ ಏಳುವುದರ ಮಹತ್ವದ ಬಗ್ಗೆ ಮಕ್ಕಳಿಗೆ ಪಾಠ ಮಾಡುವಾಗ ಭಾವನನ್ನೇ ಉದಾಹರಣೆ ಕೊಟ್ಟೆ. ಹೆಸರು ಹೇಳದೆ, ಸೋಮಾರಿಯಾಗಿದ್ದ ಒಬ್ಬ ಬಂಧು ಎಂದು!

ದಸರಾ ರಜೆಗೆ ಹೋದವನು ಅಕ್ಕನ ಮನೆಯಲ್ಲೇ ಉಳಿದೆ. ನಾಲ್ಕೂವರೆಗೆ ನನ್ನ ತಲೆಯೊಳಗಿನ ಗಂಟೆ ಹೊಡೆಯಿತು. ಬಚ್ಚಲಮನೆಯಿಂದ ತೆಂಗಿನ ಮಟ್ಟೆಯ ಹೊಗೆ ಬರುತ್ತಿತ್ತು. ಸ್ನಾನಕ್ಕೆ ನನಗೂ ಸ್ವಲ್ಪ ನೀರು ಉಳಿಸಿ ಎನ್ನೋಣವೆಂದು ಹೋದರೆ, ಭಾವ ಹಬೆಯಾಡುವ ಎರಡು ಬಕೆಟ್ ಹಿಡಿದು ಹಿತ್ತಲ ಬಾಗಿಲಿಂದ ಆಚೆ ಹೋಗುತ್ತಿದ್ದರು. ಇದೇನು, ಗಿರಣಿಯಲ್ಲಿ ಸ್ನಾನವೇ? ಹಿಂದೆಯೇ ಹೋದೆ.

ಗಿರಣಿಯೊಳಗೆ ಲಾಟೀನು ಉರಿಯುತ್ತಿತ್ತು. ಎಂಜಿನ್ನಿನ ಕೆಳಗೆ ಒಂದು ಬಾಣಲೆಯ ತುಂಬ ಕೆಂಡ. ಭಾವ ಮಣೆಯ ಮೇಲೆ ಹತ್ತಿ ನಿಂತು, ತಂಪು ನೀರು ಓಡಾಡಲೆಂದು ಎಂಜಿನ್ನಿನೊಳಗೆ ಬಿಟ್ಟಿರುವ ಜಾಗಕ್ಕೆ ಬಿಸಿನೀರನ್ನು ಚೊಂಬು ಚೊಂಬಾಗಿ ಹುಯ್ಯುತ್ತಿದ್ದರು. ಬಕೆಟ್ ಬರಿದಾದ ಮೇಲೆ ಇಳಿದು, ಅದರ ಮೈಮೇಲೆ ಅಂಗೈ ಇಟ್ಟು, ಪಕ್ಕದಲ್ಲಿ ಕೂತರು. ಬಿಸಿಯಾಗಲೆಂದು ಕೂತಿದ್ದರು.

ನಾನು ಬಾಗಿಲಲ್ಲೇ ನಿಂತು ಕೇಳಿದೆ: "ಭಾವ, ಇದು... ಮೊದಲಿನಿಂದಲೂ ಹೀಗೇನಾ?"

ಅವರು ಬೆಚ್ಚಲಿಲ್ಲ. "ಮೆಲ್ಲಕೆ ಮಾತಾಡು, ನಿಮ್ಮಕ್ಕ ಏಳ್ತಾಳೆ. ಒಳಗಡೆ ಪಿಸ್ಟನ್ ಓಡಾಡೋ ಕೊಳವೆ, ಲೈನರು, ಪೂರಾ ಸವೆದದೆ. ಇದನ್ನ ಮಾಡಿದ್ ಕಂಪ್ನಿ ಮುಚ್ಚೋಗಿ ಕಾಲ ಆಯ್ತು. ಬೇರೆ ಲೈನರ್ ಹುಡುಕ್ತಾ ಇವ್ನಿ, ಎಲ್ಲಾದ್ರೂ ಸಿಗ್ತದೆ. ಸಿಕ್ಕಿದ್ ದಿನ ಏನಾದ್ರೂ ನೆಪ ಹೇಳಿ ಬಿಚ್ತೀನಿ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನಿಂಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಮಾರನೇ ದಿನ್ವೇ ಲಾರಿ ತಂದು ನಿಲ್ಲಿಸ್ತಿದ್ದೆ, ವಾಪಸ್ ಕಳ್ಸಕ್ಕೆ." ಭಾವ ಕೆಂಡವನ್ನು ಕಡ್ಡಿಯಿಂದ ಕೆದಕಿದರು. "ನಾನು ಹನ್ನೊಂದು ವರ್ಷ ಇವಳ್ ಕಣ್ಮುಂದೇನೇ ಗಾಡಿಗೆ ಹತ್ತಿಸ್ ಹತ್ತಿಸ್ ಕಳ್ಸಿದೀನಿ ಕಣಪ್ಪ. ಇದೂ ಹೊರಟೋಗೋದನ್ನ ನೋಡಕ್ಕೆ ಅವಳ್ ಕೈಲಿ ಆಗಲ್ಲ."

ನಾನು ಹೋಗಿ ಇನ್ನೆರಡು ಬಕೆಟ್ ನೀರು ತಂದೆ. ಅಂದು ನನ್ನ ಪ್ರಾರ್ಥನೆ ತಪ್ಪಿತು. ಬುದ್ಧಿ ಬಂದ ಮೇಲೆ ಮೊದಲ ಸಲ.

ಆರೂವರೆಗೆ ಅಕ್ಕ ಬಂದಳು. ಬಾಗಿಲಲ್ಲಿ ಡಬ್ಬ ಇಟ್ಟುಕೊಂಡು ಏಳೆಂಟು ಹೆಂಗಸರು ನಿಂತಿದ್ದರು. ಕೆಂಡದ ಬಾಣಲೆ ಅಷ್ಟರಲ್ಲಿ ಹಿತ್ತಲು ಸೇರಿತ್ತು. ಅಕ್ಕ ಸೆರಗು ಸಿಕ್ಕಿಸಿ ಹ್ಯಾಂಡಲ್ ಹಾಕಿ ಒಂದು ಸುತ್ತು ಎಳೆದಳು. ಎಂಜಿನ್ನು ಎದ್ದಿತು, ಪಟ್ಟಾ ಓಡಿತು, ಕಲ್ಲು ಗುಡುಗಿತು. ಆ ಸದ್ದಿನ ಮೇಲೆ ಅವಳು ಹೆಂಗಸರ ಕಡೆ ತಿರುಗಿ ಕೂಗಿ ಹೇಳಿದಳು: "ನೋಡ್ರವ್ವ, ಇವ್ನೇ ನನ್ ತಮ್ಮ! ನಮ್ಮನೆಯವ್ರ ಕೈಲಿ ಹನ್ನೊಂದು ವರ್ಷ ಆಗ್ದಿದ್ದನ್ನ ಒಂದೇ ಮಧ್ಯಾಹ್ನದಲ್ಲಿ ಮಾಡ್ದ!" ಆಮೇಲೆ ಭಾವನ ಕಡೆ ತಿರುಗಿ, "ಏನ್ರೀ, ಸುಳ್ಳಾ?" ಎಂದಳು.

"ಎಲ್ಲಾದ್ರೂ ಉಂಟಾ? ನಿಜ ಕಣೇ," ಎಂದರು ಭಾವ. "ನಂಗೆ ಇಂಥದ್ದು ಸಿಕ್ಕೇ ಇರ್ಲಿಲ್ಲ."

ಹೆಂಗಸರು ನಕ್ಕರು. ಈ ಮಾತು ಅವರು ದಿನಾ ಕೇಳುತ್ತಿದ್ದುದೆಂದು ಆ ನಗುವಿನಲ್ಲೇ ತಿಳಿಯಿತು. ಇನ್ನು ತಡೆಯಲಾರದೆ ನಾನು ಬಾಯಿ ತೆರೆದೆ. "ಅಕ್ಕಾ..."

ಭಾವ ಸಾಲಿನ ಮೊದಲ ಡಬ್ಬವನ್ನು ಎತ್ತಿ ನನ್ನ ಎರಡೂ ಕೈಗಳ ಮೇಲೆ ಇಟ್ಟರು.

"ಸುರಿ ಮೇಷ್ಟ್ರೇ. ಜನ ಕಾಯ್ತಾವ್ರೆ."

ಸುರಿದೆ.